ಊರಾಳಮ್ಮನ ಕಣ್ಣೀರ್ತೀರ್ಥ

ಯವನರ ನಾವೆಗಳು ಮಾರುತವನ್ನೇ ಸಾರಥಿಯನ್ನಾಗಿಸಿಕೊಂಡು ಪಡುಗಡಲ ತೀರಕ್ಕೆ ಬರುತ್ತಿದ್ದ ಪುರಾತನ ಕಾಲದಲ್ಲಿ, ಈಗ ಅಶ್ರುಗಿರಿಯೆನಿಸಿದ ಈ ಬೆಟ್ಟದ ಬುಡದಲ್ಲಿ, ಶಬ್ದವೇಧಿಯೆಂದು ಖ್ಯಾತನಾದ ಕೇತಲನೆಂಬ ಬೇಡನು ತಾಯ್ತಂದೆಗಳಿಲ್ಲದ ತನ್ನ ತಂಗಿ ಜಕ್ಕವ್ವೆಯನ್ನು ರೆಪ್ಪೆಯು ಕಣ್ಣನ್ನು ಕಾಯುವಂತೆ ಕಾಯುತ್ತ ವಾಸವಾಗಿದ್ದನು.

ಒಂದು ಮುಂಜಾನೆ ಯವನ ನಾವಿಕನೊಬ್ಬನು ಅವನನ್ನು ಕರೆದು, "ನಿಮ್ಮ ಬೆಟ್ಟದ ಗವಿಯಲ್ಲಿ ನಮ್ಮ ನಾಡಿನ ಯುರಿಯಾಲೆ ಅಡಗಿದ್ದಾಳೆ. ತಲೆಯ ತುಂಬ ಹಾವು. ಅವಳ ಮೋರೆ ಕಂಡವರು ಕಲ್ಲಾಗುತ್ತಾರೆ. ಅವಳ ತಂಗಿ ಮೆದೂಸೆಯೂ ಅಂಥವಳೇ, ನಮ್ಮ ವೀರ ಪರ್ಸಿಯಸನು ಅವಳ ತಲೆ ಕಡಿದ" ಎಂದನು. ಜೇನಿಗೆಂದು ದಿನವೂ ಬೆಟ್ಟವೇರುತ್ತಿದ್ದ ತಂಗಿಯನ್ನು ನೆನೆದು ಕೇತಲನು ಬಿಲ್ಲೆತ್ತಿಕೊಂಡನು. ಕೂಡಲೇ ಗವಿಯತ್ತ ಹೊರಟನು.

ತಂಗಿಯ ಹತ್ಯೆಯಿಂದ ನೊಂದು ದೇಶಬಿಟ್ಟು ಬಂದ ಆ ಸರ್ಪವೇಣಿಯು, ತನ್ನಿಂದ ಯಾರಿಗೂ ಕೇಡಾಗದಿರಲೆಂದು ಮುಖಕ್ಕೆ ದಪ್ಪ ವಸ್ತ್ರವನ್ನು ಬಿಗಿದುಕೊಂಡು ಏಕಾಂತದಲ್ಲಿದ್ದಳೆಂಬುದನ್ನಾಗಲಿ, ಜಕ್ಕವ್ವೆಯು ಅವಳನ್ನು ಅಕ್ಕನೆಂದು ಕರೆದು, ಅವಳ ಹಾವುಗಳಿಗೆ ಹಾಲೆರೆದು ಸಲಹುತ್ತಿದ್ದಳೆಂಬುದನ್ನಾಗಲಿ ಆ ಬೇಡನು ಅರಿಯದಾಗಿದ್ದನು.

ಗವಿಯ ಬಾಗಿಲಲ್ಲಿ ಅವನು ಕಣ್ಮುಚ್ಚಿ, ಬುಸುಗುಟ್ಟುವ ಸದ್ದಿಗೆ ಗುರಿಯಿಟ್ಟು ಬಾಣ ಬಿಟ್ಟನು. ಮೆದೂಸೆಯಂತಲ್ಲದೆ ಅಮರಳಾದ ಆಕೆಯನ್ನು ಬಾಣ ಕೊಲ್ಲಲಿಲ್ಲ. ವಸ್ತ್ರದ ಗಂಟನ್ನು ಮಾತ್ರ ಹರಿಯಿತು. ಹಾಲೆರೆಯಲು ಆಗಲೇ ಗವಿಗೆ ಬಂದಿದ್ದ ಜಕ್ಕವ್ವೆ, ಜಾರುವ ವಸ್ತ್ರವನ್ನು ಹಿಡಿಯಲೆಂದು ಎರಡೂ ಕೈ ಚಾಚಿ ಓಡಿ, "ಅಣ್ಣಾ, ಇವಳು ನಮ್ಮ..." ಎಂದಳು. ಮಾತು ಅಲ್ಲಿಗೇ ನಿಂತಿತು.

"ಕಣ್ತೆರೆಯದಿರು, ತಮ್ಮಾ" ಎಂದು ಯುರಿಯಾಲೆ ವಸ್ತ್ರವನ್ನು ಮತ್ತೆ ಬಿಗಿದುಕೊಂಡಳು. "ಈಗ ನೋಡು. ಅಲ್ಲಿ ನನ್ನ ತಂಗಿ ಹೋದಳು. ಇಲ್ಲಿ ನಮ್ಮಿಬ್ಬರ ತಂಗಿ."

ಶಿಲೆಯಾಗಿ ನಿಂತವಳ ಪಾದಕ್ಕೆ ಕುಸಿದ ಕೇತಲನು, "ಹೊರಡುವ ಮುನ್ನ ನಿನ್ನನ್ನೊಂದು ಮಾತು ಕೇಳಲಿಲ್ಲವಲ್ಲೇ, ತಾಯಿ" ಎಂದು ಗೋಳಿಟ್ಟನು. ಯುರಿಯಾಲೆಯ ಆಕ್ರಂದನಕ್ಕೆ ಗಿರಿಯೇ ಬಿರಿಯಲು, ಗಗನದಿಂದ ಜಗನ್ಮಾತೆಯ ವಾಣಿ ಕೇಳಿಬಂದಿತು: "ವತ್ಸೇ, ನಿನ್ನ ದೃಷ್ಟಿಯ ವಿಷವು ಈ ಅಶ್ರುವಿನಲ್ಲಿ ಕರಗಿ ತೀರ್ಥವಾಗಲಿ. ಕೇತಲಾ, ಬಿಟ್ಟ ಬಾಣ ಮರಳದು. ನಿನ್ನ ತಂಗಿಯೂ ಮರಳಳು. ಆದರೆ ನೀನಾಡುವ ಮಾತು ಅವಳಿಗೆ ಕೇಳುವುದು."

ಆ ಕ್ಷಣವೇ ಯುರಿಯಾಲೆಯು ಬಿರುಕಿನೊಳಗಿಳಿದು ಬುಗ್ಗೆಯಾಗಿ ಚಿಮ್ಮಿದಳು. ಜನರ ನಾಲಗೆಯಲ್ಲಿ ಅವಳೇ ಊರಾಳಮ್ಮನಾದಳು. ನಾಗಪಂಚಮಿಯಂದು ಅಕ್ಕತಂಗಿಯರು ಈ ತೀರ್ಥದಿಂದ ಒಡಹುಟ್ಟಿದವರ ಕಣ್ಣು ತೊಳೆಯುವುದು, ಅಂದು ಅಣ್ಣತಮ್ಮಂದಿರು ಅವರ ಮಾತನ್ನು ಕಡೆತನಕ ಕೇಳುವುದು ಇಲ್ಲಿಯ ನೇಮ.

ಬುಗ್ಗೆಯ ಮುಂದೆ ಕೈ ಚಾಚಿ ನಿಂತ ಕನ್ಯಾಶಿಲೆಯನ್ನು ಭಕ್ತರು ಇಂದಿಗೂ ಕಾಣಬಹುದು. ಮೈಯೆಲ್ಲ ಒರಟಾದ ಆ ಕಲ್ಲಿನ ಬಲಗೆನ್ನೆ ಮಾತ್ರ ನುಣುಪಾಗಿದೆ. ಮುಪ್ಪಿನವರೆಗೂ ಕೇತಲನು ಅದನ್ನು ಸವರುತ್ತ, ಅಂದು ಅರ್ಧಕ್ಕೆ ನಿಂತ ಮಾತನ್ನು ಮುಗಿಸೆಂದು ಬೇಡುತ್ತಿದ್ದನಂತೆ.