ಹಪ್ಪಳದ ಬೀದಿಯ ಲಾರಿಗಳು

"ಗುರುಗಳೇ, ಹೊಗೆ ಕಡಿಮೆ ಮಾಡುವ ಖರ್ಚನ್ನು ಲಾರಿಯವರ ತಲೆಗೆ ಕಟ್ಟುವುದು ನ್ಯಾಯವೇ?"

ಕೇಳಿದವನು ಶಿಷ್ಯ ಚನ್ನವೀರ, ಲಾರಿ ಮಾಲೀಕರ ಸಂಘದ ಅಧ್ಯಕ್ಷ. ಹೊಗೆಯುಗುಳುವ ಹಳೆಯ ಎಂಜಿನ್‌ಗಳನ್ನು ಬಿಚ್ಚಿ ರಿಪೇರಿ ಮಾಡಿಸಬೇಕೋ ಬೇಡವೋ ಎಂದು ಸಂಘ ಮರುದಿನ ತೀರ್ಮಾನಿಸಬೇಕಿತ್ತು. ಮಾಡಿಸಿದರೆ ಅವನ ಲಾರಿಗಳು ಒಂದು ತಿಂಗಳು ನಿಲ್ಲುತ್ತವೆ, ಚಾಲಕರಿಗೂ ಕೆಲಸವಿಲ್ಲ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಗುರುಗಳು 'ಸದ್ಯಕ್ಕೆ ಬೇಡ' ಎಂದುಬಿಟ್ಟರೆ ಅದನ್ನೇ ಸಭೆಯಲ್ಲಿ ಹೇಳಿ ಬಚಾವಾಗಬಹುದೆಂದು ಅಷ್ಟು ದೂರ ಬಂದಿದ್ದ.

ಗುರುಗಳು ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನ ಏರುಬೀದಿಯಲ್ಲಿ ಮನೆಮನೆಯವರೂ ಹಪ್ಪಳ ಮಾಡಿ, ಬಾಗಿಲ ಮುಂದೆ ಚಾಪೆ ಹಾಸಿ ಒಣಗಿಸುತ್ತಿದ್ದರು. ಅವರಿಗೆ ಉದ್ದು ತಂದುಕೊಟ್ಟು, ಹಪ್ಪಳವನ್ನು ಪೇಟೆಗೆ ಸಾಗಿಸುವವನು ಒಬ್ಬ ವ್ಯಾಪಾರಿ. ಅವನ ಹಳೆಯ ಲಾರಿಗಳು ಏರು ಹತ್ತುವಾಗ ಕಪ್ಪು ಹೊಗೆ ಬಿಡುತ್ತಿದ್ದವು, ಹಪ್ಪಳದ ಮೇಲೆ ಮಸಿ ಕೂರುತ್ತಿತ್ತು. ಎಂಜಿನ್ ರಿಪೇರಿ ಮಾಡಿಸೆಂದು ಬೀದಿಯವರು ಕೇಳಿದರು. ಅಷ್ಟು ಖರ್ಚು ಯಾರಿಂದಾಗುತ್ತದೆ ಎಂದು ವ್ಯಾಪಾರಿ ಒಂದು ಉಪಾಯ ಮಾಡಿದ. ತಿರುವಿನಲ್ಲೇ ಮೂರು ಸಲ ಹಾರ್ನ್ ಹೊಡೆಯಬೇಕು, ಹಾರ್ನ್ ಕೇಳಿದೊಡನೆ ಹೆಂಗಸರು ಹಪ್ಪಳದ ಮೇಲೆ ಬಟ್ಟೆ ಮುಚ್ಚಬೇಕು. ಕಾಸು ಖರ್ಚಿಲ್ಲದೆ ಕೆಲಸವಾಯಿತೆಂದು ಅವನು ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಎರಡು ವರ್ಷ ಕಳೆಯುವಷ್ಟರಲ್ಲಿ ಲಾರಿಗಳು ಅರ್ಧ ಖಾಲಿ ಓಡತೊಡಗಿದವು. ವ್ಯಾಪಾರಿ ಗಾಬರಿಯಾಗಿ ಬೀದಿಗೆ ಬಂದ. ಅನೇಕ ಬಾಗಿಲುಗಳ ಮುಂದೆ ಚಾಪೆಯೇ ಇರಲಿಲ್ಲ.

"ಯಾಕಮ್ಮ, ಮಾಲೇ ಇಲ್ಲ? ನಮ್ಮ ಹುಡುಗರು ಸರಿಯಾಗಿ ಹಾರ್ನ್ ಹೊಡೀತಿಲ್ವಾ?" ಎಂದು ಒಬ್ಬ ಮುದುಕಿಯನ್ನು ಕೇಳಿದ.

"ಹೊಡೀತಾರಪ್ಪ, ಚೆನ್ನಾಗೇ ಕೇಳಿಸುತ್ತೆ. ಮುಚ್ಚೋದು, ತೆಗೆಯೋದು, ಇದರಲ್ಲೇ ಬಿಸಿಲು ಇಳಿದುಹೋಗುತ್ತೆ. ಒಣಗದ ಹಪ್ಪಳ ಬೂಷ್ಟು ಹಿಡಿಯುತ್ತೆ. ಹಾಕಿದ ಉದ್ದಿನ ದುಡ್ಡೂ ಕೈಗೆ ಹತ್ತದೆ ಸುಮಾರು ಜನ ಬಿಟ್ಟೇಬಿಟ್ರು."

ವ್ಯಾಪಾರಿ ಮರುದಿನವೇ ಲಾರಿಗಳನ್ನು ರಿಪೇರಿಗೆ ಬಿಟ್ಟ. ಆ ತಿಂಗಳು ಅವನಿಗೆ ಕಷ್ಟವಾಯಿತು. ಚಾಲಕರಿಗೆ ಅರ್ಧ ಸಂಬಳ ಕೊಡುವುದಕ್ಕೂ ಪರದಾಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರ ಆ ಕೊನೆಯ ಮಾತನ್ನೇ ಹಿಡಿದುಕೊಂಡ. "ನೋಡಿ ಗುರುಗಳೇ, ನಾನೂ ಅದನ್ನೇ ಹೇಳುತ್ತಿರುವುದು. ರಿಪೇರಿಗೆ ಬಿಟ್ಟ ಮೇಲೆ ತಾನೇ ಆ ಮನುಷ್ಯನಿಗೆ ಖರ್ಚು ಶುರುವಾದದ್ದು?"

"ಅಲ್ಲಿಯವರೆಗೆ ಆ ಲಾರಿಗಳು ಪುಕ್ಕಟೆ ಓಡುತ್ತಿದ್ದವು ಎಂದುಕೊಂಡೆಯಾ?" ಎಂದರು ಗುರುಗಳು.