ಇಬ್ಬನಿ ಬಿಸಿಲಿಗೆ ನಿಲ್ಲದ್ದು

ಭೂಮಿಯ ಹಸಿ ಇನ್ನೂ ಆರಿರದ ಕಾಲ. ಬೆಟ್ಟಗಳು ಆಗಷ್ಟೇ ಕೂತಿದ್ದವು. ಗಾಳಿ ದಾರಿ ಕೇಳಿಕೊಂಡು ತಿರುಗುತ್ತಿತ್ತು.

ಆಗ ಇಬ್ಬನಿ ಬೆಳಗಿನಿಂದ ಬೈಗಿನವರೆಗೂ ಹುಲ್ಲಿನ ಮೇಲೇ ಕೂತಿರುತ್ತಿತ್ತು. ಸೂರ್ಯ ಮೇಲೆ ತನ್ನ ಪಾಡಿಗೆ ಹೋಗುತ್ತಿದ್ದ. ಕರೆಯದೆ ಯಾರ ತಂಟೆಗೂ ಬರುತ್ತಿರಲಿಲ್ಲ.

ಆ ಬಯಲಿನಲ್ಲಿ ಲಗಮವ್ವ ಎಂಬ ಹೆಂಗಸು ಕುರಿ ಸಾಕಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಕುರಿಯೇ ಎಲ್ಲ. ಬೆಳಕು ಹರಿಯುವ ಮೊದಲೇ ಹಟ್ಟಿಯ ತಡಿಕೆ ತೆಗೆದು ಮಂದೆ ಬಿಡುತ್ತಿದ್ದಳು. ಒದ್ದೆ ಹುಲ್ಲು ಮೆತ್ತಗಿರುತ್ತದೆ, ಕುರಿಗಳು ಬೇಗ ಮೈ ಹಿಡಿಯುತ್ತವೆ ಎಂದು ಅವಳ ನಂಬಿಕೆ.

ಒಂದು ಮಳೆಗಾಲ ಕುರಿಗಳ ಗದ್ದದ ಕೆಳಗೆ ಚೀಲದ ಹಾಗೆ ಊದಿಕೊಂಡಿತು. ಲಗಮವ್ವ ಹಿಗ್ಗಿದಳು. ಪಕ್ಕದ ಹೊಲದ ಸಣ್ಣೀರಪ್ಪನನ್ನು ಕೂಗಿ ಕರೆದಳು.

"ಅಣ್ಣಾ, ಬಂದು ನೋಡು. ನನ್ನ ಕುರಿಗೆ ಗದ್ದ ಬಂದೈತಿ! ಎಷ್ಟು ಮೇದಾವ ನೋಡು."

"ಹೌದಲ್ಲ ತಂಗಿ, ಗೌಡ್ತಿ ಗದ್ದ ಇದ್ದಂಗ ಐತಿ. ಇನ್ನ ಅವಕ್ಕ ಕುಂದ್ರಾಕ ಕಂಬಳಿ ಹಾಸು."

ಇಬ್ಬರೂ ನಕ್ಕರು.

ಎಲ್ಲಕ್ಕಿಂತ ದಪ್ಪ ಗದ್ದದ ಕುರಿಯೇ ಮೊದಲು ಸತ್ತಿತು. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಗದ್ದದಲ್ಲಿ ಇದ್ದದ್ದು ಕೊಬ್ಬಲ್ಲ, ನೀರು.

ಕೊನೆಗೆ ಉಳಿದದ್ದು ಕರಿಕಿವಿ ಎಂಬ ತಾಯಿಕುರಿ, ಅದರ ಒಂದು ಮರಿ. ಇವೂ ಹೋದರೆ ಹಟ್ಟಿ ಬರಿದು.

ಲಗಮವ್ವ ಕರಿಕಿವಿಯ ಮುಂದೆ ಕೂತಳು. "ಏನಾಗೈತಿ ನಿನಗ? ಹೇಳು."

"ಹೊಟ್ಟ್ಯಾಗ ಯಾರೋ ರಕ್ತ ಕುಡಿಯಾಕತ್ತಾರ, ಅವ್ವ. ನಾ ಮೇಯೋದೆಲ್ಲ ಅವರಿಗೇ."

ಲಗಮವ್ವ ಅದರ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು. ಒಳಗೆ ಕೆಂಪೇ ಇರಲಿಲ್ಲ. ಸುಣ್ಣದ ಹಾಗೆ ಬಿಳುಪು.

ಬೇವಿನ ಮರದ ಹತ್ತಿರ ಓಡಿದಳು. ಬೇವು ಹೆಚ್ಚು ಮಾತಿನದಲ್ಲ. "ತಪ್ಪಲ ತಗೋ. ಅರಿ. ಕುಡಿಸು," ಎಂದಿತು.

ಬಿದಿರಿನ ಗೊಟ್ಟದಲ್ಲಿ ಕಹಿ ರಸ ತುಂಬಿ ಗಂಟಲಿಗೆ ಹೊಯ್ದಳು. ನೂಲಿನಂಥ ಜಂತುಹುಳುಗಳು ಹಿಕ್ಕೆಯ ಜೊತೆ ಬಿದ್ದವು. ಕರಿಕಿವಿ ಎದ್ದು ನಿಂತಿತು. ಲಗಮವ್ವ ಎಂದಿನಂತೆ ನಸುಕಿನಲ್ಲೇ ತಡಿಕೆ ತೆಗೆದಳು, ಒದ್ದೆ ಹುಲ್ಲಿಗೆ ಬಿಟ್ಟಳು.

ಸ್ವಲ್ಪ ದಿನಕ್ಕೆ ಕಣ್ಣು ಮತ್ತೆ ಸುಣ್ಣ.

"ನೀ ಕೊಟ್ಟ ಮದ್ದು ನಿಲ್ಲಲಿಲ್ಲ," ಎಂದು ಬೇವಿನ ಮುಂದೆ ಅತ್ತಳು.

"ಹೊಟ್ಟಿ ತೊಳದೀನಿ. ಬಾಯಿ ಕಾಯೋದು ನನ್ನ ಕೈಲಾಗೂದಿಲ್ಲ. ಅದು ಏನು ತಿಂತೈತೋ ಅದನ್ನ ಕೇಳು."

ಹುಲ್ಲನ್ನು ಕೇಳಿದಳು.

"ಹುಳದ ಮರಿ ಹಿಕ್ಕಿಯಿಂದ ನನ್ನ ಬುಡಕ್ಕ ಬರತಾವ," ಎಂದಿತು ಹುಲ್ಲು. "ಕಣ್ಣಿಗೆ ಕಾಣೂದಿಲ್ಲ, ಅಷ್ಟು ಸಣ್ಣವು. ಒಣ ಎಲಿ ಅವು ಹತ್ತಲಾರವು. ತುದಿಗೆ ಏರಿಸೋರು ಬ್ಯಾರೆ ಅದಾರ."

"ಯಾರು?"

ಹುಲ್ಲು ತಲೆ ಬಾಗಿಸಿತು. ತುದಿಯಲ್ಲಿ ಇಬ್ಬನಿ ಹೊಳೆಯುತ್ತಿತ್ತು.

"ನಾನೇ," ಎಂದಿತು ಇಬ್ಬನಿ. "ಸಣ್ಣ ಜೀವ, ಕಾಲಿಲ್ಲ. ಮ್ಯಾಲೆ ಬೆಳಕು ನೋಡಬೇಕು ಅಂದವು. ಈಸಿಕೋತ ಬರ್ರಿ ಅಂದೆ. ಅದರಾಗ ತಪ್ಪೇನು?"

ಲಗಮವ್ವ ಬೈಯಲಿಲ್ಲ. ಕರಿಕಿವಿಯನ್ನು ಕರೆತಂದು, ತಲೆ ಎತ್ತಿ ಹಿಡಿದು ರೆಪ್ಪೆ ಎಳೆದು ತೋರಿಸಿದಳು. ಇಬ್ಬನಿಯ ಹನಿ ಹನಿಯಲ್ಲೂ ಆ ಬಿಳುಪು ಮೂಡಿತು.

"ಇದು ನನ್ನಿಂದಾನ?"

"ಹೂಂ."

ಇಬ್ಬನಿ ಸೂರ್ಯನನ್ನು ಕರೆಯಿತು.

"ಸೂರ್ಯಪ್ಪಾ, ನನ್ನ ಎಬ್ಬಿಸಿ ಕರಕೊಂಡು ಹೋಗು."

"ನನ್ನ ಹತ್ತಿರ ಬಂದರ ನೀ ಉಳಿಯೂದಿಲ್ಲ."

"ಗೊತ್ತು."

ಹುಲ್ಲು ನಡುಗಿತು. "ನೀ ಹೋದರ ನಾ ಏನು ಕುಡಿಯಲಿ?"

"ಕತ್ತಲಾದ ಮ್ಯಾಲೆ ಮತ್ತೆ ಹುಟ್ಟತೀನಿ. ಕುಡಿ. ಬಿಸಿಲು ಬಿದ್ದ ಕೂಡಲೇ ಹೋಗತೀನಿ. ನಾ ಹೋದರ ಆ ಹುಳದ ಮರಿ ಕೆಳಗ ಬುಡದಾಗ ಉಳೀತಾವ." ಇಬ್ಬನಿ ಲಗಮವ್ವನ ಕಡೆ ತಿರುಗಿತು. "ನಾ ಹೋಗೂತನಕ ತಡಿಕಿ ತಗೀಬ್ಯಾಡ."

"ಕುರಿ ಹಸದು ಒದರತಾವಲ್ಲ."

"ಒದರಲಿ."

ಲಗಮವ್ವ ಮತ್ತೆ ಬೇವಿನ ರಸ ಕುಡಿಸಿದಳು. ಮರಿ ಚಪ್ಪರಿಸಿ, ಮುಖ ಸೊಟ್ಟ ಮಾಡಿ ನುಂಗಿತು. ಕರಿಕಿವಿ ನುಂಗಲಿಲ್ಲ. ಅದರ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಸಂಜೆಗೆ ಕಾಲು ಚಾಚಿ ಸತ್ತಿತು.

ಮರುದಿನ ಬೆಳಗ್ಗೆ ಮರಿ ತಡಿಕೆಗೆ ತಲೆ ಗುದ್ದಿ ಗುದ್ದಿ ಒದರಿತು. ಕುಡಿಯಲು ಮೊಲೆಯಿಲ್ಲ. ಮೇಯಲು ಬಿಡುವವರಿಲ್ಲ. ಲಗಮವ್ವ ಹೊರಗೆ ಸುಮ್ಮನೆ ಕೂತಿದ್ದಳು.

ಸಣ್ಣೀರಪ್ಪ ಎತ್ತು ಹೊಡೆದುಕೊಂಡು ಬಂದ. "ತಂಗಿ, ತಾಯಿ ಹೋತು. ಮರೀನೂ ಉಪವಾಸ ಕೆಡವಿ ಕೊಲ್ಲತೀಯೇನು? ಹೊತ್ತು ಎಲ್ಲಿಗೆ ಬಂತು ನೋಡು!"

"ಇರು ಅಣ್ಣಾ. ಇನ್ನೊಬ್ಬರು ಹೋಗೂದೈತಿ."

"ಯಾರು?"

ಅವಳು ಬಯಲಿನ ಕಡೆ ಕೈ ತೋರಿದಳು. ಬಿಸಿಲು ಹುಲ್ಲಿಗೆ ತಾಗಿತ್ತು. ಹನಿಗಳು ಒಂದೊಂದಾಗಿ ಆರುತ್ತಿದ್ದವು. ಸಣ್ಣೀರಪ್ಪ ನೋಡಿದ. ಅವನಿಗೆ ಏನು ತಿಳಿಯಿತೋ, ತಲೆಯ ರುಮಾಲು ತೆಗೆದು ನಿಂತ.

ಕೊನೆಯ ಹನಿ ಹೋದ ಮೇಲೆ ಲಗಮವ್ವ ತಡಿಕೆ ತೆಗೆದಳು.

ಮರಿ ಬದುಕಿತು. ಮರಿಗೆ ಮರಿಯಾಗಿ ಮತ್ತೆ ಮಂದೆಯಾಯಿತು. ಲಗಮವ್ವ ಮಾತ್ರ ಮತ್ತೆ ಯಾವ ಕುರಿಯ ಗದ್ದ ನೋಡಿಯೂ ನಗಲಿಲ್ಲ.

ಅದಕ್ಕೇ ಇಂದಿಗೂ ಬಿಸಿಲು ತಾಗಿದ ಕೂಡಲೇ ಇಬ್ಬನಿ ಹುಲ್ಲು ಬಿಟ್ಟು ಹೋಗುತ್ತದೆ. ಅಲ್ಲಿಯವರೆಗೆ ಮಂದೆ ಎಷ್ಟೇ ಒದರಲಿ, ಕುರಿ ಕಾಯುವವನು ಹುಲ್ಲಿನ ಮೇಲೆ ಅಂಗೈ ಆಡಿಸಿ ನೋಡಿ, ಕೈ ಒದ್ದೆಯಾದರೆ ಮಾತಾಡದೆ ಮತ್ತೆ ಕೂರುತ್ತಾನೆ.