ಉಪ್ಪಿನ ಗದ್ದೆಯೂ ಆರುತ್ತಿದ್ದ ಗಂಜಿಯೂ

“ಮಾಮ, ಯೇಸುವಿನ ಹಿಂದೆ ನಡೆಯುವವರಿಗೆ ಕಾಲು ನೋಯುವುದಿಲ್ಲವೆ?”

ಯೂನಿಕೆ ಹೀಗೆ ಕೇಳಿದ್ದು ಎಫ್ರಾಯಿಮ ಉಪದೇಶಿಗಳನ್ನು. ಕೇಳಿದ್ದು ನಿಂತುಕೊಂಡೇ. ಊರಿನ ಕ್ರೈಸ್ತ ಸಭೆಯಲ್ಲಿ ಅವಳು ಕೂತದ್ದನ್ನು ಕಂಡವರು ಕಡಿಮೆ. ಭಾನುವಾರದ ಮಕ್ಕಳ ಶಾಲೆ ಅವಳದ್ದು, ಗಾಯನದ ತಂಡ ಅವಳದ್ದು, ಹೆಂಗಸರ ಕೂಟ ಅವಳದ್ದು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಬರುವುದೂ ಅವಳದ್ದೇ. ಹೀಗೆ ಹನ್ನೊಂದು ವರ್ಷ ನಡೆದಿತ್ತು. ಈಚೆಗೆ ಮೂರು ತಿಂಗಳಿಂದ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಮರುದಿನದ ಕೆಲಸಗಳು ಮಾತ್ರ ಕಾಣುತ್ತಿದ್ದವು. ಮಕ್ಕಳಿಗೆ ಯೇಸುವಿನ ಪ್ರೀತಿಯನ್ನು ಹೇಳುವಾಗ ತನ್ನ ದನಿ ಬೇರೆ ಯಾರದೋ ಎನಿಸುತ್ತಿತ್ತು. ಅದಕ್ಕೇ ಅವಳು ಶಾಲೆಯ ಬೀಗದ ಕೈಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಅದನ್ನು ಉಪದೇಶಿಗಳ ಕೈಗೆ ಕೊಟ್ಟು, ಇನ್ನು ನನ್ನಿಂದಾಗದು ಎಂದು ಹೇಳಿ, ಎಲ್ಲವನ್ನೂ ಬಿಟ್ಟು ಹೋಗುವುದೆಂದು ನಿಶ್ಚಯಿಸಿದ್ದಳು.

ಉಪದೇಶಿಗಳು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಕರಾವಳಿಯಲ್ಲಿ ತಮ್ಮಷ್ಟು ದೊಡ್ಡ ಬೋಧಕ ಇನ್ನೊಬ್ಬನಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ತಮ್ಮ ಬೋಧನೆಗೆ ಹೊಳೆಯಾಚೆಯ ಮೂರು ಊರುಗಳಲ್ಲಿ ಮಲಗಿದ್ದವರು ಎದ್ದು ಕೂತರಂತೆ. ಎದುರಿಗೆ ಕೂತವರು ಮಾತ್ರ ಮಲಗಿದರಂತೆ. ಅದು ಗಾಳಿಯ ತಪ್ಪಂತೆ.

ಒಳಗಿನಿಂದ ಉಪದೇಶಿಗಳ ಹೆಂಡತಿ, ಮಾಮಿ, ಕೂಗಿದರು. “ಯೂನಿಕೆ, ಗಂಜಿ ಬಡಿಸಿದ್ದೇನೆ. ಕೂತುಕೋ.”

“ಬೇಡ ಮಾಮಿ. ಇನ್ನೂ ಎರಡು ಮನೆಗೆ ಹೋಗುವುದಿದೆ.”

“ಕರವಸ್ತ್ರದಲ್ಲಿ ಏನದು?” ಎಂದರು ಉಪದೇಶಿಗಳು. “ಮೀನಾದರೆ ಒಳಗೆ ಕೊಡು. ಮಾಮಿ ಹುರಿಯುತ್ತಾಳೆ.”

“ಬೀಗದ ಕೈ ಮಾಮ.”

“ಅದನ್ನು ಹುರಿಯಲಾಗುವುದಿಲ್ಲ. ಅಲ್ಲಿ ಹೊಸ್ತಿಲ ಮೇಲೆ ಇಡು. ನಿನ್ನ ಪ್ರಶ್ನೆಗೆ ಒಂದು ಕತೆ ಹೇಳುತ್ತೇನೆ. ಅದರ ಒಂದೊಂದು ಮಾತೂ ನಿಜ. ಆಣೆ ಇಡಬಾರದೆಂದು ನಾನೇ ನಾಲ್ಕು ಭಾನುವಾರ ಬೋಧಿಸಿಬಿಟ್ಟಿದ್ದೇನೆ. ಇಲ್ಲದಿದ್ದರೆ ಈ ಮೀಸೆ ಮುಟ್ಟಿ ಆಣೆ ಇಡುತ್ತಿದ್ದೆ.”

ಯೂನಿಕೆ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟಳು. ಕೂರಲಿಲ್ಲ. ಕತೆ ಚಿಕ್ಕದಿರಬಹುದು ಎಂದುಕೊಂಡು ಕಂಬಕ್ಕೆ ಒರಗಿ ನಿಂತಳು. ಉಪದೇಶಿಗಳು ಹೇಳಿದರು.

ಒಂದು ಅಳಿವೆಯ ದಡದಲ್ಲಿ ಉಪ್ಪಿನ ಆಗರವಿತ್ತು. ಆಗರವೆಂದರೆ ಸಮುದ್ರದ ನೀರು ಕಟ್ಟಿ ಉಪ್ಪು ಬೆಳೆಯುವ ಗದ್ದೆಗಳ ಬಯಲು. ಅದಕ್ಕೊಬ್ಬ ಒಡೆಯ. ಅವನಿಗೆ ಹಲವು ಆಳುಗಳು. ಒಬ್ಬೊಬ್ಬ ಆಳಿಗೆ ಒಂದೊಂದು ಗದ್ದೆ.

ಆ ಆಗರದಲ್ಲಿ ಒಂದು ಪದ್ಧತಿಯಿತ್ತು. ಆಳು ಮೊದಲು ಗದ್ದೆಯ ನೆಲವನ್ನು ತುಳಿದು ತುಳಿದು ಗಟ್ಟಿ ಮಾಡಬೇಕು. ಭರತ ಏರಿ ಸಮುದ್ರ ಉಬ್ಬಿದಾಗ ನೀರು ಬಿಟ್ಟುಕೊಂಡು ತೂಬು ಮುಚ್ಚಬೇಕು. ಆಮೇಲೆ ಏಳು ದಿನ ಗದ್ದೆಗೆ ಕಾಲಿಡಬಾರದು. ದಿಬ್ಬದ ಮೇಲೆ ಒಡೆಯನ ಚಪ್ಪರವಿತ್ತು. ಅಲ್ಲಿಗೆ ಬಂದು, ಕಾಲು ತೊಳೆದು, ಒಡೆಯನ ಜೊತೆ ಕೂತು ಉಣ್ಣಬೇಕು. ಗಂಜಿ ಬಡಿಸುವವನು ಒಡೆಯನೇ. ಸೌಟನ್ನು ಅವನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಎಲ್ಲ ಆಳುಗಳೂ ಚಪ್ಪರಕ್ಕೆ ಬರುತ್ತಿದ್ದರು. ಒಬ್ಬ ಮಾತ್ರ ಬರುತ್ತಿರಲಿಲ್ಲ. ಅವನು ಸೋಮಾರಿಯಲ್ಲ, ಕಳ್ಳನೂ ಅಲ್ಲ. ಒಡೆಯನೆಂದರೆ ಅವನಿಗೆ ಜೀವ. ಒಡೆಯನ ಉಪ್ಪು ತಾನಾಗಿಯೇ ಆಗಲಿ ಎಂದು ಸುಮ್ಮನೆ ಕೂರುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ. ಆದ್ದರಿಂದ ನೀರು ನಿಂತ ಗದ್ದೆಗೆ ಇಳಿಯುತ್ತಿದ್ದ. ಈ ಮೂಲೆಯ ನೀರನ್ನು ಆ ಮೂಲೆಗೆ ತಳ್ಳುತ್ತಿದ್ದ. ನಡುವೆ ನಿಂತು ಬಗ್ಗಿ ನೋಡುತ್ತಿದ್ದ. ಬೆರಳು ಅದ್ದಿ ನೆಕ್ಕುತ್ತಿದ್ದ. ಏಡಿಯೊಂದು ಬಂದರೆ ಬದುವಿನ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದ. ಅವನ ಓಡಾಟ ನೋಡಿ ಏಡಿಗಳು ನೆಟ್ಟಗೆ ನಡೆಯಲು ಕಲಿತವು.

“ಮಾಮ,” ಎಂದಳು ಯೂನಿಕೆ.

“ನಾನೇ ನೋಡಿದ್ದೇನೆ. ಎರಡು ಏಡಿ,” ಎಂದು ಉಪದೇಶಿಗಳು ಮುಂದುವರಿಸಿದರು.

ಅವನ ಉಪ್ಪು ಪ್ರತಿ ಸಲವೂ ಮಣ್ಣಿನ ಬಣ್ಣದ್ದೇ ಆಗುತ್ತಿತ್ತು. ಮೀನು ಒಣಗಿಸುವವರ ಹೊರತು ಯಾರೂ ಅದನ್ನು ಒಯ್ಯುತ್ತಿರಲಿಲ್ಲ. ತನ್ನ ದುಡಿಮೆ ಸಾಲದಾಯಿತು ಎಂದು ಅವನು ತಿಳಿದ. ಮುಂದಿನ ಸಲ ಇನ್ನಷ್ಟು ಹೊತ್ತು ಗದ್ದೆಯಲ್ಲಿ ಓಡಾಡಿದ. ಉಪ್ಪು ಇನ್ನಷ್ಟು ಕಪ್ಪಾಯಿತು. ಹೀಗೆ ಹನ್ನೊಂದು ವರ್ಷ.

“ಹನ್ನೊಂದೇ ಏಕೆ ಮಾಮ? ನಾನು ಶಾಲೆಗೆ ಸೇರಿಯೂ ಹನ್ನೊಂದೇ ವರ್ಷ.”

“ಹೌದೆ? ನನಗೆ ಗೊತ್ತೇ ಇರಲಿಲ್ಲ,” ಎಂದರು ಉಪದೇಶಿಗಳು. ಅವಳನ್ನು ಆ ಕೆಲಸಕ್ಕೆ ಸೇರಿಸಿದವರೇ ಅವರು.

ಹನ್ನೊಂದನೆಯ ವರ್ಷ ಒಡೆಯ ಆಳನ್ನು ಕರೆದು ಹೇಳಿದ, “ಈ ಸಲ ನನ್ನ ಮನೆಯ ಅಡುಗೆಗೆ ನಿನ್ನ ಗದ್ದೆಯ ಉಪ್ಪು.” ಆಳಿನ ಕಾಲು ನೆಲಕ್ಕೆ ತಾಕಲಿಲ್ಲ. ನೆಲ ತುಳಿದ, ನೀರು ಬಿಟ್ಟ, ತೂಬು ಮುಚ್ಚಿದ, ಕೂಡಲೇ ಗದ್ದೆಗೂ ಇಳಿದ. ಈ ಸಲವಾದರೂ ಉಪ್ಪು ಬೆಳ್ಳಗಾಗದಿದ್ದರೆ ಒಡೆಯನಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ಅವನ ತಲೆಯಲ್ಲಿತ್ತು.

ಮೊದಲ ದಿನ ಒಡೆಯ ಚಪ್ಪರದಿಂದ ಕರೆದ. “ಬಾ ಮಾರಾಯ, ಗಂಜಿ ಆರುತ್ತದೆ.”

“ಬಂದೆ ಒಡೆಯರೆ, ಈ ಮೂಲೆಯೊಂದು ಮುಗಿಸಿ.”

ಗದ್ದೆಗೆ ನಾಲ್ಕು ಮೂಲೆ. ನಾಲ್ಕನೆಯದು ಮುಗಿಯುವಾಗ ಮೊದಲನೆಯದು ಮತ್ತೆ ಕರೆಯುತ್ತಿತ್ತು. ನಾಲ್ಕನೆಯ ದಿನ ಒಡೆಯ ಬದುವಿನ ತನಕ ಬಂದು ಕರೆದ. ಏಳನೆಯ ದಿನ ಬಟ್ಟಲನ್ನೇ ಕೈಯಲ್ಲಿ ಹಿಡಿದು ಬಂದು ಕರೆದ. ಒಟ್ಟು ಮೂರು ಸಲ. “ಮೂರೇ ಸಲ, ನಾನು ಎಣಿಸಿದ್ದೇನೆ,” ಎಂದು ಉಪದೇಶಿಗಳು ಮೂರು ಬೆರಳು ಎತ್ತಿ ತೋರಿಸಿದರು. ಮೂರು ಸಲವೂ ಆಳು ತಲೆ ಎತ್ತಲಿಲ್ಲ. ಬಂದೆ ಒಡೆಯರೆ ಎಂದ, ಬರಲಿಲ್ಲ.

ಎಂಟನೆಯ ದಿನ ಉಪ್ಪು ಎಳೆದ. ಅದು ಎಷ್ಟು ಕಪ್ಪಗಿತ್ತೆಂದರೆ, ಒಂದು ಕಾಗೆ ತನ್ನ ಮರಿಯೆಂದುಕೊಂಡು ರಾಶಿಯ ಪಕ್ಕದಲ್ಲಿ ಕಾವಲು ಕೂತಿತು. ಆಳು ಅದನ್ನು ನೋಡುತ್ತ ನಿಂತ. ಅಳು ಬರಲಿಲ್ಲ. ಅಳುವುದಕ್ಕೂ ತ್ರಾಣವಿರಲಿಲ್ಲ. ಒಂದು ಬುಟ್ಟಿ ಉಪ್ಪು ತುಂಬಿದ. ಉಪ್ಪು ಎಳೆಯುವ ಹಲಗೆಯನ್ನು ಹೆಗಲಿಗೇರಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಚಪ್ಪರಕ್ಕೆ ಹತ್ತಿದ. ಬುಟ್ಟಿಯನ್ನೂ ಹಲಗೆಯನ್ನೂ ಒಡೆಯನ ಮುಂದೆ ಇಟ್ಟ.

“ಈ ಹಲಗೆ ಬೇರೆ ಯಾರಿಗಾದರೂ ಕೊಡಿ ಒಡೆಯರೆ. ನನ್ನಿಂದಾಗದು.”

ಯೂನಿಕೆ ಹೊಸ್ತಿಲ ಕಡೆ ನೋಡಿದಳು. ಬೀಗದ ಕೈ ಅಲ್ಲೇ ಇತ್ತು. “ಒಡೆಯ ಬೈದನೆ?” ಎಂದು ಕೇಳಿದಳು. ದನಿ ಸಣ್ಣದಾಗಿತ್ತು.

ಒಡೆಯ ಬೈಯಲಿಲ್ಲ. ಆ ಕಪ್ಪು ಉಪ್ಪಿನಲ್ಲಿ ಒಂದು ಚಿಟಿಕೆ ತೆಗೆದು ತನ್ನ ಗಂಜಿಗೆ ಹಾಕಿಕೊಂಡ. ಕಲಸಿದ. ಉಂಡ. ಹಲ್ಲಿನಡಿ ಮಣ್ಣು ಕರಕರ ಎಂದದ್ದು ಆಳಿಗೂ ಕೇಳಿಸಿತು. ಒಡೆಯ ಬಟ್ಟಲು ಖಾಲಿ ಮಾಡಿ ಇಟ್ಟು, “ಉಪ್ಪು ಚೆನ್ನಾಗಿದೆ. ಮಣ್ಣು ನಿನ್ನ ಕಾಲಿನದು,” ಎಂದ.

ಆಮೇಲೆ ಕೇಳಿದ, “ನಾನು ನಿನಗೆ ಹೇಳಿದ ಕೆಲಸ ಯಾವುದು?”

“ನೆಲ ತುಳಿಯುವುದು, ನೀರು ಬಿಡುವುದು, ತೂಬು ಮುಚ್ಚುವುದು.”

“ಮತ್ತೆ?”

“ಉಣ್ಣಲು ಬರುವುದು.”

“ಮೂರನ್ನು ಮಾಡಿದೆ. ನಾಲ್ಕನೆಯದನ್ನು ಹನ್ನೊಂದು ವರ್ಷ ಬಾಕಿ ಉಳಿಸಿದೆ,” ಎಂದು ಒಡೆಯ ನಕ್ಕ. ದೊಡ್ಡ ನಗು ಅದು, ಚಪ್ಪರದ ತಟ್ಟಿ ಅಲುಗುವಂಥದ್ದು. ಆಳು ಬೆಚ್ಚಿ ತಲೆ ಎತ್ತಿದ. ಹನ್ನೊಂದು ವರ್ಷ ಒಡೆಯನಿಗೆ ದುಡಿದಿದ್ದ, ಒಡೆಯ ನಗುವುದನ್ನು ಒಂದು ದಿನವೂ ಕೇಳಿರಲಿಲ್ಲ. ಉಳಿದ ಆಳುಗಳೆಲ್ಲ ಆ ನಗುವನ್ನು ದಿನವೂ ಕೇಳುತ್ತಿದ್ದರು.

ಒಡೆಯ ಹಲಗೆಯನ್ನು ತೆಗೆದು ಚಪ್ಪರದ ಮೂಲೆಗೆ ಒರಗಿಸಿದ. ಬೇರೆ ಯಾರಿಗೂ ಕೊಡಲಿಲ್ಲ. ಕೊಡದಲ್ಲಿ ನೀರು ತಂದ. ಆಳು ಬೇಡ ಬೇಡವೆಂದರೂ ಕೇಳದೆ ಅವನ ಕಾಲನ್ನು ತಾನೇ ತಿಕ್ಕಿ ತೊಳೆದ. ಹನ್ನೊಂದು ವರ್ಷದ ಮಣ್ಣು ಅದು. ಆ ಮಣ್ಣಿನಲ್ಲಿ ಆಮೇಲೆ ಒಂದು ತೆಂಗಿನ ಸಸಿ ನೆಟ್ಟರು. ಈಗಲೂ ಕಾಯಿ ಬಿಡುತ್ತಿದೆ.

ಮರುದಿನ ಆಳು ಗದ್ದೆಗೆ ಹೊಸ ನೀರು ಬಿಟ್ಟ. ತೂಬು ಮುಚ್ಚಿದ. ಬದುವಿನ ಮೇಲೆ ನಿಂತ. ಕಾಲು ನೀರಿನ ಕಡೆಗೇ ಎಳೆಯಿತು. ಒಂದು ಏಡಿ ಬಂದು ಗದ್ದೆಗೆ ಇಳಿಯಿತು. ಅದನ್ನು ಬಿಟ್ಟು ತಿರುಗಿ ದಿಬ್ಬ ಹತ್ತುವುದು ಅವನಿಗೆ ಹನ್ನೊಂದು ವರ್ಷದ ಎಲ್ಲ ಕೆಲಸಕ್ಕಿಂತ ಕಷ್ಟವಾಯಿತು. ಹತ್ತಿದ.

ಮೊದಲ ದಿನ ಗಂಜಿ ಉಂಡು ಮಲಗಿದ. ಅವನ ಗೊರಕೆಯನ್ನು ಬಂದರಿನ ಕೊಂಬಿನ ದನಿಯೆಂದು ತಿಳಿದು ಒಂದು ಹಡಗು ದಿಕ್ಕು ಬದಲಿಸಿತು. ಎರಡನೆಯ ದಿನ ಎದ್ದು ಕೂತು ಸುಮ್ಮನೆ ನೀರು ನೋಡಿದ. ಮೂರನೆಯ ದಿನ ಒಡೆಯನಿಗೆ ಏನೋ ಒಂದು ಹೇಳಿದ. ಒಡೆಯ ಕೇಳಿದ. ಒಡೆಯ ಏನೋ ಒಂದು ಹೇಳಿದ. ಆಳು ಕೇಳಿದ. ಹನ್ನೊಂದು ವರ್ಷ ಕೇಳದೆ ಉಳಿದ ಮಾತು ಬಹಳವಿತ್ತು. ಐದನೆಯ ದಿನ, ಚಿಕ್ಕಂದಿನಲ್ಲಿ ಹಾಡುತ್ತಿದ್ದ ಹಾಡೊಂದು ಅವನ ಬಾಯಿಗೆ ತಾನಾಗಿಯೇ ಬಂತು. ಅದು ಎಲ್ಲಿಗೆ ಹೋಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಒಡೆಯ ಜೊತೆಗೂಡಿ ಹಾಡಿದ. ಏಳನೆಯ ದಿನ ಗದ್ದೆಯ ವಿಷಯ ಅವನಿಗೆ ನೆನಪಾದದ್ದು ಸಂಜೆ.

ಎಂಟನೆಯ ದಿನ ಇಬ್ಬರೂ ದಿಬ್ಬ ಇಳಿದು ನೋಡಿದರು. ಗದ್ದೆಯಲ್ಲಿ ಬೆಳಕು ಬಿದ್ದಿತ್ತು. ಅದು ಬೆಳಕಲ್ಲ, ಉಪ್ಪು ಎಂದು ತಿಳಿಯಲು ಬಗ್ಗಿ ಮುಟ್ಟಬೇಕಾಯಿತು. ಎಷ್ಟು ಬಿಳಿಯೆಂದರೆ, ಅಳಿವೆಯ ಕೊಕ್ಕರೆಗಳು ಅದನ್ನು ನೋಡಿ ಸ್ನಾನಕ್ಕೆ ಹೋದವು. ಆಳು ಹಲಗೆ ತೆಗೆದುಕೊಂಡ. ಉಳಿದವರು ಒಂದು ರಾಶಿ ಎಳೆಯುವಷ್ಟರಲ್ಲಿ ಅವನು ಎರಡು ಎಳೆದ. ಆ ದಿನ ಅವನಿಗೆ ದಣಿವೆಂಬುದು ಗೊತ್ತಾಗಲಿಲ್ಲ. ಮಧ್ಯಾಹ್ನ ಉಣ್ಣಲೆಂದು ಬೇರೆ ಯಾರೂ ಏಳುವ ಮೊದಲೇ ಹಲಗೆ ಇಟ್ಟು ದಿಬ್ಬ ಹತ್ತಿದವನೂ ಅವನೇ.

ಕತೆ ಮುಗಿಯಿತೆಂಬಂತೆ ಉಪದೇಶಿಗಳು ಮೀಸೆ ಸವರಿಕೊಂಡರು.

ಯೂನಿಕೆ ಕಂಬದಿಂದ ಸರಿದಳು. ಮೆಟ್ಟಿಲ ಪಕ್ಕದಲ್ಲಿ ಚೆಂಬಿನಲ್ಲಿ ನೀರಿತ್ತು. ಚಪ್ಪಲಿ ಬಿಟ್ಟು ಕಾಲು ತೊಳೆದಳು. ಎಷ್ಟು ನಡೆದಿದ್ದೇನೆ ಎಂಬುದು ಆಗ ಅವಳ ಪಾದಕ್ಕೆ ಗೊತ್ತಾಯಿತು. ಒಳಗೆ ಬಂದು ಚಾಪೆಯ ಮೇಲೆ ಕೂತಳು. ಮಾಮಿ ಬಟ್ಟಲನ್ನು ಮುಂದಕ್ಕೆ ಸರಿಸಿದರು. ಗಂಜಿ ಇನ್ನೂ ಬೆಚ್ಚಗಿತ್ತು. ಎರಡು ತುತ್ತು ಉಂಡ ಮೇಲೆ ಅವಳಿಗೆ ನಗು ಬಂತು. ಕೊಕ್ಕರೆಗಳು ನೆನಪಾಗಿದ್ದವು. ನಗುವಾಗ ಬಂದ ದನಿ ತನ್ನದೇ ಎಂದು ಗುರುತಾಯಿತು.

“ನಿಜ ಹೇಳಿ ಮಾಮ. ಇದರಲ್ಲಿ ಎಷ್ಟು ನಿಮ್ಮ ಕಟ್ಟುಕತೆ?”

“ಛೆ, ಎಂಥ ಮಾತು. ಕಾಗೆ ನಿಜ. ಹಡಗು ನಿಜ. ಕೊಕ್ಕರೆಗಳ ಸ್ನಾನವಂತೂ ಇಡೀ ಊರಿಗೆ ಗೊತ್ತು,” ಎಂದು ಉಪದೇಶಿಗಳು ಹೊಸ್ತಿಲ ಮೇಲಿದ್ದ ಬೀಗದ ಕೈಯನ್ನು ಎತ್ತಿ, ಅವಳ ಬಟ್ಟಲಿನ ಪಕ್ಕದಲ್ಲಿಟ್ಟರು. “ಒಂದೇ ಒಂದು ಕಡೆ ಸ್ವಲ್ಪ ಸುಳ್ಳು ಬೆರೆತಿದೆ.”

ಯೂನಿಕೆಯ ಕೈ ಬಟ್ಟಲಲ್ಲೇ ನಿಂತಿತು.

“ಒಡೆಯ ಮೂರೇ ಸಲ ಕರೆದ ಎಂದೆನಲ್ಲ, ಅದು ಸುಳ್ಳು ಮಗಳೆ, ಅವನು ಕರೆಯುವುದನ್ನು ಇನ್ನೂ ನಿಲ್ಲಿಸಿಲ್ಲ.”